ಕರಡಿಕಿವಿ ಗುಡ್ಡ ಯಾರ ಸ್ವತ್ತು?

(ಗಿರಣಿ ಕಾರ್ಮಿಕರೂ ಪೇಟೆಯ ಸಣ್ಣ ವರ್ತಕರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಅಮೆರಿಕದ ಎರಡು ಗುಡ್ಡಗಳ ಕಥೆಯನ್ನು ಹೇಳಲು ಇಂದು ನಿಮ್ಮ ಮುಂದೆ ನಿಂತಿದ್ದೇನೆ. ಪಾಳಿ ಮುಗಿಸಿ ದಣಿದು ಬಂದವರಿಗೆ, ಅಂಗಡಿಯ ಬಾಗಿಲೆಳೆದು ಬಂದವರಿಗೆ ಎಲ್ಲಿಯೋ ಇರುವ ಗುಡ್ಡದ ಮಾತೇಕೆ ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ಈ ಕಥೆಯಲ್ಲಿ ದೊಡ್ಡ ವ್ಯಾಪಾರಿಗಳು ಸರ್ಕಾರದ ಮೇಲೆ ಮುನಿಸಿಕೊಂಡು, ಒಂದು ಊರಿನ ಜಾತ್ರೆಯನ್ನೇ ಕಿತ್ತುಕೊಂಡು ಹೋದರು. ಅದೂ ತಮ್ಮ ತೆರಿಗೆಗಾಗಿ ಅಲ್ಲ, ಸಾರ್ವಜನಿಕರ ನೆಲಕ್ಕಾಗಿ. ಹಣವುಳ್ಳವರು ಜನರ ಪಕ್ಷಕ್ಕೆ ಬಂದರೆ ಎಷ್ಟು ದೂರ ಜೊತೆಗೆ ನಡೆಯುತ್ತಾರೆ, ಎಲ್ಲಿ ನಿಲ್ಲುತ್ತಾರೆ ಎಂಬುದು ನಾವೆಲ್ಲರೂ ತಿಳಿಯಬೇಕಾದ ಸಂಗತಿ.

ಮೊದಲು ನೆಲದ ಲೆಕ್ಕ ನೋಡೋಣ. ಅಮೆರಿಕವೆಂದರೆ ಎಲ್ಲವೂ ಖಾಸಗಿ ಸ್ವತ್ತು ಎಂದು ನಾವು ತಿಳಿದಿರುತ್ತೇವೆ. ಅದು ನಿಜವಲ್ಲ. ಆ ದೇಶದ ಸುಮಾರು 64 ಕೋಟಿ ಎಕರೆ ನೆಲ, ಅಂದರೆ ನೂರಕ್ಕೆ 28 ಪಾಲು, ಕೇಂದ್ರ ಸರ್ಕಾರದ ಕೈಯಲ್ಲಿದೆ. ನಮ್ಮ ಹಳ್ಳಿಯ ಗೋಮಾಳ, ಕಾವಲು ಎಂದರೆ ನಿಮಗೆ ಅರ್ಥವಾಗುತ್ತದೆ. ಅಂಥದೇ ನೆಲ, ಆದರೆ ಇಡೀ ದೇಶದ ಲೆಕ್ಕದಲ್ಲಿ. ಅಲ್ಲಿ ದನ ಮೇಯಿಸುವವರಿದ್ದಾರೆ, ಬೇಟೆಯಾಡುವವರಿದ್ದಾರೆ, ಗಾಳ ಹಾಕುವವರಿದ್ದಾರೆ, ಬೆನ್ನಿಗೆ ಚೀಲ ಕಟ್ಟಿ ನಡೆಯುವವರಿದ್ದಾರೆ. ಅದರ ಕೆಳಗೆ ಎಣ್ಣೆಯಿದೆ, ಕಲ್ಲಿದ್ದಲಿದೆ, ಯುರೇನಿಯಂ ಇದೆ. ಜಗಳಕ್ಕೆ ಇಷ್ಟು ಸಾಲದೇ?

ಪಶ್ಚಿಮದ ಯೂಟಾ ರಾಜ್ಯದಲ್ಲಿ ಮೂರರಲ್ಲಿ ಎರಡು ಪಾಲಿನ ಹತ್ತಿರ ನೆಲ ಇಂಥದು. ಅದರ ಆಗ್ನೇಯ ಮೂಲೆಯಲ್ಲಿ ಜೋಡಿಯಾಗಿ ಎದ್ದ ಎರಡು ಗುಡ್ಡಗಳಿವೆ. ದೂರದಿಂದ ನೋಡಿದರೆ ಕರಡಿಯ ಎರಡು ಕಿವಿ ನಿಮಿರಿದಂತೆ ಕಾಣುತ್ತವೆ. ಇಂಗ್ಲಿಷಿನವರು ಬೇರ್ಸ್ ಇಯರ್ಸ್ ಎನ್ನುತ್ತಾರೆ. ಅಲ್ಲಿನ ಮೂಲನಿವಾಸಿಗಳಾದ ಹೋಪಿ, ನವಾಹೋ, ಯೂಟ್, ಝೂನಿ ಜನರು ತಂತಮ್ಮ ಭಾಷೆಯಲ್ಲಿ ಕರೆಯುವ ಹೆಸರಿಗೂ ಕರಡಿಕಿವಿ ಎಂದೇ ಅರ್ಥ. ಬಿಳಿಯರು ಬರುವುದಕ್ಕೆ ನೂರಾರು ವರ್ಷ ಮೊದಲು ಬಂಡೆಯ ಪೊಟರೆಗಳಲ್ಲಿ ಕಟ್ಟಿದ ಮನೆಗಳು, ಕಣಜಗಳು, ಗೋಡೆಯ ಮೇಲೆ ಕೆತ್ತಿದ ಚಿತ್ರಗಳು ಅಲ್ಲಿ ಇಂದಿಗೂ ಉಳಿದಿವೆ. ಉಳಿದಷ್ಟನ್ನು ದೋಚುವವರೂ ಇದ್ದರು. ಪೂರ್ವಜರ ಸಮಾಧಿಗಳನ್ನು ಅಗೆದು ಮಡಕೆ, ಬುಟ್ಟಿಗಳನ್ನು ಕದ್ದು ಮಾರುವುದು ಅಲ್ಲಿ ಬಹುಕಾಲದ ಪಿಡುಗು.

ಈ ನೆಲವನ್ನು ಕಾಪಾಡಿರೆಂದು ಮೊದಲು ಕೇಳಿದವರು ಯಾವ ಕಂಪನಿಯವರೂ ಅಲ್ಲ. 2015ರಲ್ಲಿ ಐದು ಮೂಲನಿವಾಸಿ ಬುಡಕಟ್ಟುಗಳು ಹಳೆಯ ವೈಮನಸ್ಯಗಳನ್ನು ಬದಿಗಿಟ್ಟು ಒಂದು ಕೂಟ ಕಟ್ಟಿಕೊಂಡವು. 19 ಲಕ್ಷ ಎಕರೆಯನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಬೇಕೆಂದು ಬಿನ್ನವಿಸಿದವು. 1906ರ ಪುರಾತನ ವಸ್ತು ಕಾಯಿದೆಯ ಪ್ರಕಾರ ಅಧ್ಯಕ್ಷನಿಗೆ ಹಾಗೆ ಸಾರುವ ಅಧಿಕಾರವಿದೆ. 2016ರ ಡಿಸೆಂಬರ್ 28ರಂದು ಅಧ್ಯಕ್ಷ ಒಬಾಮಾ 13.5 ಲಕ್ಷ ಎಕರೆಯನ್ನು ಸ್ಮಾರಕವೆಂದು ಘೋಷಿಸಿದರು. ಹಳೆಯ ಮೇವಿನ ಪರವಾನಗಿಗಳನ್ನು ರದ್ದು ಮಾಡಲಿಲ್ಲ; ಹೊಸ ಗಣಿಗಳಿಗೆ ಬಾಗಿಲು ಮುಚ್ಚಿದರು.

ಜಾತ್ರೆ ಎದ್ದು ಹೋದ ಬಗೆ

ಯೂಟಾದ ರಾಜಕಾರಣಿಗಳು ಕೆರಳಿದರು. ವಾಷಿಂಗ್ಟನ್ನಿನವರು ನಮ್ಮ ನೆಲವನ್ನು ಕಸಿದರು ಎಂದು ಕೂಗೆದ್ದಿತು. 2017ರ ಫೆಬ್ರವರಿಯಲ್ಲಿ ಸ್ಮಾರಕವನ್ನು ರದ್ದುಪಡಿಸಿರೆಂದು ಹೊಸ ಅಧ್ಯಕ್ಷ ಟ್ರಂಪ್‌ರನ್ನು ಕೇಳುವ ನಿರ್ಣಯಕ್ಕೆ ರಾಜ್ಯಪಾಲ ಗ್ಯಾರಿ ಹರ್ಬರ್ಟ್ ಸಹಿ ಹಾಕಿದರು. ಅಲ್ಲಿ ರಾಜ್ಯಪಾಲನೆಂದರೆ ಚುನಾಯಿತ ಮುಖ್ಯಾಧಿಕಾರಿ ಎಂಬುದು ನೆನಪಿರಲಿ.

ಆಗ ರಂಗಕ್ಕೆ ಬಂದವರು ವ್ಯಾಪಾರಿಗಳು. ಗುಡಾರ, ಬೆನ್ನುಚೀಲ, ಬೂಟು, ಬೆಟ್ಟ ಹತ್ತುವ ಹಗ್ಗ, ಚಳಿಯಂಗಿ ಮಾಡಿ ಮಾರುವ ಕಂಪನಿಗಳದು ಅಮೆರಿಕದಲ್ಲಿ ದೊಡ್ಡ ಉದ್ಯಮ. ಅವರ ಸಗಟು ಮೇಳ 1996ರಿಂದ ಯೂಟಾದ ರಾಜಧಾನಿ ಸಾಲ್ಟ್ ಲೇಕ್ ಸಿಟಿಯಲ್ಲಿ ವರ್ಷಕ್ಕೆ ಎರಡು ಸಲ ನಡೆಯುತ್ತಿತ್ತು. ಇದರಿಂದ ಆ ಊರಿಗೆ ವರ್ಷಕ್ಕೆ ಸುಮಾರು ನಾಲ್ಕೂವರೆ ಕೋಟಿ ಡಾಲರ್ ಆದಾಯ. ಹೋಟೆಲಿನವನು, ಟ್ಯಾಕ್ಸಿಯವನು, ಊಟದ ಮನೆಯವನು ಎಲ್ಲರಿಗೂ ಅದರಿಂದ ನಾಲ್ಕು ಕಾಸು. ಪ್ಯಾಟಗೋನಿಯಾ ಎಂಬ ಕಂಪನಿ, ಯೂಟಾ ತನ್ನ ನೀತಿಯನ್ನು ಬದಲಿಸದಿದ್ದರೆ ನಾವು ಬರುವುದಿಲ್ಲ ಎಂದು ಹೊರನಡೆಯಿತು. ಬೇರೆ ಕಂಪನಿಗಳೂ ಹಿಂಬಾಲಿಸಿದವು. ರಾಜ್ಯಪಾಲರೊಡನೆ ನಡೆದ ಮಾತುಕತೆ ಮುರಿಯಿತು. 2018ರ ಜನವರಿಗೆ ಮೇಳ ನೆರೆಯ ಕೊಲೊರಾಡೊ ರಾಜ್ಯದ ಡೆನ್ವರಿಗೆ ಹೋಯಿತು.

ವರ್ತಕ ಮಿತ್ರರೇ, ಬಹಿಷ್ಕಾರದ ಬಲ ನಿಮಗೆ ಹೊಸದಲ್ಲ. ಮಾಲು ಕೊಳ್ಳುವುದಿಲ್ಲ ಎಂಬ ಒಂದು ಮಾತು ಎಷ್ಟು ಭಾರವೆಂದು ಈ ದೇಶಕ್ಕೆ ಗೊತ್ತು. ಆದರೆ ನಡೆದದ್ದೇನು? ಮೇಳ ಹೋಯಿತು, ನೆಲ ಉಳಿಯಲಿಲ್ಲ. 2017ರ ಡಿಸೆಂಬರ್ 4ರಂದು ಟ್ರಂಪ್ ಸಾಲ್ಟ್ ಲೇಕ್ ಸಿಟಿಗೇ ಬಂದು ಕರಡಿಕಿವಿ ಸ್ಮಾರಕದಲ್ಲಿ ನೂರಕ್ಕೆ 85 ಪಾಲನ್ನು ಕತ್ತರಿಸಿ ಹಾಕಿದರು. ಉಳಿದದ್ದು ಸುಮಾರು 2 ಲಕ್ಷ ಎಕರೆ. 1996ರಲ್ಲಿ ಕ್ಲಿಂಟನ್ ಘೋಷಿಸಿದ್ದ ಗ್ರ್ಯಾಂಡ್ ಸ್ಟೇರ್‌ಕೇಸ್ ಎಂಬ ಇನ್ನೊಂದು ಸ್ಮಾರಕದಲ್ಲೂ ಅರ್ಧದ ಹತ್ತಿರ ಹೋಯಿತು. ಅಧ್ಯಕ್ಷರು ನಿಮ್ಮ ನೆಲವನ್ನು ಕದ್ದಿದ್ದಾರೆ ಎಂದು ಪ್ಯಾಟಗೋನಿಯಾ ಬಹಿರಂಗವಾಗಿ ಸಾರಿತು. ಬುಡಕಟ್ಟುಗಳು ಕೋರ್ಟಿಗೆ ಹೋದವು, ಕಂಪನಿಯೂ ಹೋಯಿತು.

ಗಡಿ ಕುಗ್ಗಿದರೆ ಯಾರಿಗೆ ಲಾಭ? ಎನರ್ಜಿ ಫ್ಯೂಯಲ್ಸ್ ಎಂಬ ಯುರೇನಿಯಂ ಕಂಪನಿ ಅದೇ ವರ್ಷ ಗಡಿಯನ್ನು ಕುಗ್ಗಿಸಬೇಕೆಂದು ಸರ್ಕಾರಕ್ಕೆ ಬರೆದಿತ್ತು. ಅದರ ಅದಿರು ಕಾರ್ಖಾನೆ ಅಲ್ಲಿಗೆ ಹತ್ತಿರವೇ ಇದೆ. ಪಕ್ಕದಲ್ಲಿ ಯೂಟ್ ಜನರ ಊರಿದೆ. ತಾನು ಕೇಳಿದ್ದು ಸಣ್ಣ ಬದಲಾವಣೆಯನ್ನು ಮಾತ್ರ ಎಂದು ಕಂಪನಿ ಹೇಳಿತು. ಇರಲಿ. ಆದರೆ ಆ ಸೀಮೆಯ ಜನರಿಗೆ ಯುರೇನಿಯಂ ಎಂದರೆ ಏನೆಂದು ಗೊತ್ತು. 1944ರಿಂದ 1986ರವರೆಗೆ ನವಾಹೋ ನೆಲದಿಂದ ಸುಮಾರು 3 ಕೋಟಿ ಟನ್ ಅದಿರನ್ನು ತೆಗೆದರು. ಅಗೆದವರು ನವಾಹೋ ಕೂಲಿಗಳು. ಗಾಳಿಯಾಡದ ಗಣಿಯಲ್ಲಿ ದುಡಿದವರ ಶ್ವಾಸಕೋಶಕ್ಕೆ ರೋಗ ಹತ್ತಿತು. ಪರಿಹಾರದ ಕಾನೂನು ಬಂದದ್ದು 1990ರಲ್ಲಿ. ಅಷ್ಟು ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಹೆಂಗಸರು ವಿಧವೆಯರಾಗಿದ್ದರು. ಬಿಟ್ಟುಹೋದ ಗಣಿಗಳು 500ಕ್ಕೂ ಹೆಚ್ಚು. ಹತ್ತಿಯ ಧೂಳು ಕುಡಿದು ಕೆಮ್ಮುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಳಿಯಂಗಿ ಹೊಲಿಯುವವರು ಯಾರು?

ಈಗ ಕಾರ್ಮಿಕ ಬಂಧುಗಳಿಗೆ ಸಂಬಂಧಿಸಿದ ಮಾತು. ಪ್ಯಾಟಗೋನಿಯಾ ಕಂಪನಿಯ ಟೀಕೆಗೆ ಉತ್ತರವಾಗಿ ಅಮೆರಿಕದ ಒಳಾಡಳಿತ ಖಾತೆಯ ಮಂತ್ರಿ ರಯಾನ್ ಝಿಂಕಿ, ಅವರ ಮಾಲು ತಯಾರಾಗುವುದು ಚೀನದಲ್ಲಲ್ಲವೇ ಎಂದು ಹಂಗಿಸಿದರು. ನೆಲದ ಪ್ರಶ್ನೆಗೆ ಅದು ಉತ್ತರವಲ್ಲ. ಮಾತು ತಪ್ಪಿಸುವ ಉಪಾಯ. ಆದರೆ ಹಂಗಿಸಿದವನ ಉದ್ದೇಶ ಕೆಟ್ಟದೆಂದು ಪ್ರಶ್ನೆ ಸುಳ್ಳಾಗುವುದಿಲ್ಲ. ಆ ಉದ್ಯಮದ ಬಹುಪಾಲು ಬಟ್ಟೆ ನೇಯುವುದು, ಹೊಲಿಯುವುದು ಏಷ್ಯಾದ ಕಾರ್ಖಾನೆಗಳಲ್ಲೇ. 2011ರ ಸುಮಾರಿಗೆ ಪ್ಯಾಟಗೋನಿಯಾ ತಾನೇ ಮಾಡಿಸಿದ ತಪಾಸಣೆಯಲ್ಲಿ, ತನಗೆ ಬಟ್ಟೆ ಒದಗಿಸುವ ತೈವಾನಿನ ಗಿರಣಿಗಳಲ್ಲಿ ಪರದೇಶದಿಂದ ಬಂದ ಕೂಲಿಗಳು ಕೆಲಸ ಕೊಡಿಸುವ ದಲ್ಲಾಳಿಗಳಿಗೆ ಭಾರಿ ಹಣ ತೆತ್ತು ಸಾಲದಲ್ಲಿ ಸಿಕ್ಕಿರುವುದು ಕಂಡುಬಂತು. ಕಂಪನಿ ಅದನ್ನು ಮುಚ್ಚಿಡಲಿಲ್ಲ, ನಿಯಮಗಳನ್ನು ಬಿಗಿ ಮಾಡಿತು ಎಂಬುದನ್ನೂ ಹೇಳಲೇಬೇಕು. ಆದರೂ ಕೇಳುತ್ತೇನೆ: ಗುಡ್ಡದ ಮೇಲಿನ ಬಂಡೆಗೆ ಕಾವಲು ನಿಂತವನ ಅಂಗಿಯನ್ನು ನೇಯ್ದವನಿಗೆ ಕಾವಲು ಯಾರು?

ಕಂಪನಿಯ ಸ್ಥಾಪಕ ಇವಾನ್ ಶುನಾರ್ಡ್ ಕುಲುಮೆಯಲ್ಲಿ ಕಬ್ಬಿಣ ಕಾಯಿಸಿ ಬೆಟ್ಟ ಹತ್ತುವ ಮೊಳೆ ಬಡಿಯುತ್ತಿದ್ದವರು. 2022ರಲ್ಲಿ ಇಡೀ ಕಂಪನಿಯನ್ನು ಒಂದು ಟ್ರಸ್ಟಿಗೂ ಪರಿಸರದ ಕೆಲಸ ಮಾಡುವ ಒಂದು ಸಂಸ್ಥೆಗೂ ಬರೆದುಕೊಟ್ಟರು. ಲಾಭವೆಲ್ಲ ನೆಲ, ನೀರಿನ ರಕ್ಷಣೆಗೆ. ಇಂಥ ಧನಿಕರು ವಿರಳ, ಹೊಟ್ಟೆಕಿಚ್ಚಿಲ್ಲದೆ ಮೆಚ್ಚೋಣ. ಆದರೆ ಆ ದಾನಪತ್ರದಲ್ಲಿ ಹೊಲಿಯುವ ಕೈಗೆ ಒಡೆತನ ಬರೆದಿರಲಿಲ್ಲ.

ಇನ್ನೊಂದು ಲೆಕ್ಕ ಕೇಳಿ. ಅಮೆರಿಕದ ಬೇಟೆಗಾರರು 1937ರ ಕಾನೂನಿನ ಪ್ರಕಾರ ಬಂದೂಕು, ತೋಟಾಗಳ ಮೇಲೆ ನೂರಕ್ಕೆ ಹತ್ತು-ಹನ್ನೊಂದರಷ್ಟು ತೆರಿಗೆ ತೆರುತ್ತ ಬಂದಿದ್ದಾರೆ. ಆ ಹಣ ಕಾಡುಪ್ರಾಣಿಗಳ ರಕ್ಷಣೆಗೆ ಹೋಗುತ್ತದೆ. ಗಾಳ ಹಾಕುವವರೂ 1950ರಿಂದ ಹಾಗೆಯೇ ತೆರುತ್ತಾರೆ. 1990ರ ದಶಕದಲ್ಲಿ ಬೆನ್ನುಚೀಲ, ಗುಡಾರಗಳ ಮೇಲೂ ಅಂಥ ತೆರಿಗೆ ಹಾಕೋಣವೆಂಬ ಯೋಜನೆ ಬಂತು. ವಿರೋಧಿಸಿದವರು ಯಾರು? ಇದೇ ಉದ್ಯಮದವರು! ಯೋಜನೆ ಬಿದ್ದುಹೋಯಿತು. ಮನಸ್ಸಿಗೆ ಬಂದಾಗ ದಾನ ಕೊಡಲು ಧನಿಕ ಸಿದ್ಧ. ಕಾನೂನಿನಿಂದ ಕೊಡಬೇಕೆಂದರೆ ಹಿಂಜರಿಯುತ್ತಾನೆ. ದಾನಿಗೆ ಜನ ಕೈಮುಗಿಯುತ್ತಾರೆ. ತೆರಿಗೆ ತೆತ್ತವನನ್ನು ಲೆಕ್ಕ ಕೇಳುತ್ತಾರೆ. ವ್ಯತ್ಯಾಸ ಅಷ್ಟೇ.

ಮೇಳದ ಕಡೆಯ ಕಥೆಯನ್ನೂ ಹೇಳಿಬಿಡುತ್ತೇನೆ. 2023ರಲ್ಲಿ ಅದು ಸಾಲ್ಟ್ ಲೇಕ್ ಸಿಟಿಗೆ ಮರಳಿತು. ಪ್ಯಾಟಗೋನಿಯಾ ಮೊದಲಾದ ಕೆಲವು ದೊಡ್ಡ ಕಂಪನಿಗಳು ಬರುವುದಿಲ್ಲವೆಂದು ಹಟ ಹಿಡಿದವು. ಉಳಿದವರು ಅಂಗಡಿ ಹಾಕಿದರು. ಯೂಟಾ ಸರ್ಕಾರ ತನ್ನ ನೀತಿ ಬಿಟ್ಟಿತ್ತೇ? ಇಲ್ಲ. 1.85 ಕೋಟಿ ಎಕರೆ ನೆಲ ಕೇಂದ್ರದ ಕೈಯಲ್ಲಿರುವುದೇ ತಪ್ಪೆಂದು 2024ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. 2025ರ ಜನವರಿಯಲ್ಲಿ ಕೋರ್ಟು ಆ ಅರ್ಜಿಯನ್ನು ತೆಗೆದುಕೊಳ್ಳಲಿಲ್ಲ. ಜಾತ್ರೆ ಲಾಭ ಕಂಡಲ್ಲಿ ನೆರೆಯುತ್ತದೆ. ಅದು ಜಾತ್ರೆಯ ಧರ್ಮ.

ನೆಲ ಉಳಿದದ್ದು ಯಾರಿಂದ?

ಹಾಗಾದರೆ ಗುಡ್ಡ ಏನಾಯಿತು? 2021ರ ಅಕ್ಟೋಬರ್ 8ರಂದು ಅಧ್ಯಕ್ಷ ಬೈಡನ್ ಹಳೆಯ ಗಡಿಯನ್ನು ಮರಳಿ ತಂದರು. 2022ರ ಜೂನಿನಲ್ಲಿ ಐದು ಬುಡಕಟ್ಟುಗಳೂ ಕೇಂದ್ರ ಸರ್ಕಾರದ ಇಲಾಖೆಗಳೂ ನೆಲವನ್ನು ಜೊತೆಗೂಡಿ ನೋಡಿಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿದವು. ತಮ್ಮ ಅಜ್ಜಂದಿರನ್ನು ಹೊರಗಟ್ಟಿದ ನೆಲದ ಆಡಳಿತದಲ್ಲಿ ಮೊಮ್ಮಕ್ಕಳಿಗೆ ಒಂದು ಕುರ್ಚಿ ಸಿಕ್ಕಿತು.

ಇದರ ನಡುವೆ ಪತ್ರಿಕೆಗಳು ಹೆಚ್ಚು ಗಮನಿಸದ ಒಂದು ಘಟನೆಯಿದೆ. ಕರಡಿಕಿವಿ ಇರುವ ಸ್ಯಾನ್ ಹ್ವಾನ್ ಜಿಲ್ಲೆಯಲ್ಲಿ ಅರ್ಧದಷ್ಟು ಜನ ಮೂಲನಿವಾಸಿಗಳು. ಆದರೂ ಮತಕ್ಷೇತ್ರಗಳನ್ನು ಕೊರೆದ ಬಗೆಯಿಂದ ಮೂವರ ಜಿಲ್ಲಾ ಸಮಿತಿಯಲ್ಲಿ ಅವರಿಗೆ ಎಂದೂ ಬಹುಮತ ಸಿಕ್ಕಿರಲಿಲ್ಲ. ನವಾಹೋ ಜನ ಕೋರ್ಟಿಗೆ ಹೋಗಿ ಕ್ಷೇತ್ರಗಳನ್ನು ಹೊಸದಾಗಿ ವಿಂಗಡಿಸುವಂತೆ ಮಾಡಿದರು. 2018ರ ಚುನಾವಣೆಯಲ್ಲಿ ಮೂರರಲ್ಲಿ ಎರಡು ಸ್ಥಾನ ಗೆದ್ದರು. ಅಲ್ಲಿಯವರೆಗೆ ಸ್ಮಾರಕವನ್ನು ವಿರೋಧಿಸುತ್ತಿದ್ದ ಅದೇ ಸಮಿತಿ 2019ರಲ್ಲಿ ಅದರ ಪರವಾಗಿ ನಿರ್ಣಯ ಮಾಡಿತು. ಕೋಟಿಗಟ್ಟಲೆ ಡಾಲರಿನ ಮೇಳ ಎದ್ದುಹೋದರೂ ಬದಲಾಗದ ಮಾತು ಒಂದು ಚುನಾವಣೆಯಿಂದ ಬದಲಾಯಿತು.

ಎರಡನೆಯ ಬಲ ಸಾಮಾನ್ಯ ಬೇಟೆಗಾರರದು, ಗಾಳ ಹಾಕುವವರದು. ಇವರಲ್ಲಿ ಬಹಳ ಮಂದಿ ಟ್ರಂಪರ ಪಕ್ಷಕ್ಕೇ ಮತ ಹಾಕುವವರು. ಸ್ವಂತ ಎಸ್ಟೇಟಿಲ್ಲದ ಮೆಕ್ಯಾನಿಕ್, ಲಾರಿ ಡ್ರೈವರನಿಗೆ ರಜೆಯ ದಿನ ಕಾಲಿಡಲು ಇರುವುದು ಈ ಸರ್ಕಾರಿ ನೆಲವೊಂದೇ. 2017ರಲ್ಲಿ ಯೂಟಾದ ಸಂಸದ ಜೇಸನ್ ಚಾಫೆಟ್ಸ್ 33 ಲಕ್ಷ ಎಕರೆ ಮಾರುವ ಮಸೂದೆ ತಂದಾಗ ಇವರೇ ಸಿಡಿದೆದ್ದರು. ಕೆಲವೇ ದಿನಗಳಲ್ಲಿ ಆ ಸಂಸದರು ಬೇಟೆಯ ಉಡುಪಿನಲ್ಲಿ ನಾಯಿಯೊಂದಿಗಿನ ತಮ್ಮ ಫೋಟೋ ಪ್ರಕಟಿಸಿ, ಮಸೂದೆಯನ್ನು ಹಿಂದೆಗೆದುಕೊಳ್ಳುತ್ತೇನೆ ಎಂದರು. 2025ರ ಜೂನಿನಲ್ಲಿ ಅದೇ ರಾಜ್ಯದ ಸೆನೆಟರ್ ಮೈಕ್ ಲೀ ಬಜೆಟ್ ಮಸೂದೆಯೊಳಗೆ 20ರಿಂದ 30 ಲಕ್ಷ ಎಕರೆಗಳ ಮಾರಾಟವನ್ನು ಸೇರಿಸಿದರು. ಸೆನೆಟ್ಟಿನ ನಿಯಮಗಳೂ ಅಡ್ಡ ಬಂದವು, ಅವರ ಪಕ್ಷದವರೇ ತಿರುಗಿಬಿದ್ದರು. ಊರೂರಿನ ಬೇಟೆಗಾರರಿಂದ ಬಂದ ದೂರುಗಳ ಮಳೆಗೆ ಅವರೂ ನೆನೆದಿದ್ದರು. ಜೂನ್ 28ರಂದು ಪ್ರಸ್ತಾಪ ಹಿಂದಕ್ಕೆ ಹೋಯಿತು.

ಎದುರು ಪಕ್ಷದ ಮಾತಿನಲ್ಲೂ ಹುರುಳಿಲ್ಲದಿಲ್ಲ. ಆ ಬಡ ಜಿಲ್ಲೆಯ ದನಗಾರರು, ಗಣಿ ಕೂಲಿಗಳು ಕೇಳುತ್ತಾರೆ: ನಗರದವನ ವಿಹಾರಕ್ಕೆ ನಮ್ಮ ಅನ್ನವನ್ನೇಕೆ ಬಲಿ ಕೊಡಬೇಕು? ಚಳಿಯಂಗಿ ತೊಟ್ಟು ಬಂದ ಪ್ರವಾಸಿಗೆ ಹಾಸಿಗೆ ಹಾಸುವ ಕೆಲಸದ ಸಂಬಳ ಗಣಿಯ ಸಂಬಳಕ್ಕೆ ಸಮವೇ? ಈ ಪ್ರಶ್ನೆಗೆ ಬೆನ್ನುಚೀಲದ ಕಂಪನಿಗಳು ನೇರವಾಗಿ ಉತ್ತರಿಸಲಿಲ್ಲ. ನೆಲ ಉಳಿಸುವವರು ಅನ್ನದ ದಾರಿಯನ್ನೂ ತೋರಿಸಬೇಕು. ಇಲ್ಲವಾದರೆ ಹಸಿದವನನ್ನು ಗಣಿ ಕಂಪನಿಯವನೇ ಕರೆದುಕೊಂಡು ಹೋಗುತ್ತಾನೆ.

ಬಂಧುಗಳೇ, ನನ್ನ ಮಾತು ಮುಗಿಯಿತು. ವ್ಯಾಪಾರಿ ಜೊತೆಗೆ ಬಂದರೆ ಸ್ವಾಗತಿಸೋಣ. ಅವನ ಹಣವೂ ದನಿಯೂ ಉಪಯೋಗಕ್ಕೆ ಬರುತ್ತವೆ. ಆದರೆ ಮೂಗುದಾರವನ್ನು ಅವನ ಕೈಗೆ ಕೊಡಬಾರದು. ಎಲ್ಲರ ನೆಲವನ್ನು ಕಾಯಬೇಕಾದವರು ಆ ನೆಲವಿಲ್ಲದೆ ಬದುಕಲಾರದವರು. ಕರಡಿಕಿವಿಯ ಜನ ಅದನ್ನು ತೋರಿಸಿಕೊಟ್ಟಿದ್ದಾರೆ. ಅವರ ಗೆಲುವು ಶಾಶ್ವತವೆಂದು ನಾನು ಹೇಳಲಾರೆ. ಒಬ್ಬ ಅಧ್ಯಕ್ಷನ ಸಹಿಯಿಂದ ಬಂದದ್ದು ಇನ್ನೊಬ್ಬನ ಸಹಿಯಿಂದ ಹೋಗಬಹುದು. ಒಮ್ಮೆ ಹೋಗಿಯೂ ಇತ್ತು. ಆದ್ದರಿಂದಲೇ ಅವರು ಸಂಘವನ್ನು ಮುರಿಯದೆ, ಮತಪಟ್ಟಿಯಲ್ಲಿ ತಮ್ಮ ಹೆಸರು ಬಿಡದೆ ಕಾದಿದ್ದಾರೆ. ನಮಗೂ ಆ ಎಚ್ಚರ ಇರಲಿ.