ಕಾಲೇಜು ತರಗತಿಯಲ್ಲಿ ಸಣ್ಣಕಥೆ: ಓದು ಮತ್ತು ಬರಹ

ನಮ್ಮ ಕಾಲೇಜುಗಳಲ್ಲಿ ಸಣ್ಣಕಥೆಯನ್ನು ಓದುವವರು ಕನ್ನಡವನ್ನು ಐಚ್ಛಿಕವಾಗಿ ಆರಿಸಿಕೊಂಡವರು ಮಾತ್ರವಲ್ಲ. ವಿಜ್ಞಾನ, ವಾಣಿಜ್ಯ ತರಗತಿಗಳಲ್ಲಿ ಕನ್ನಡವನ್ನು ಭಾಷಾ ವಿಷಯವಾಗಿ ತೆಗೆದುಕೊಂಡವರೂ ಒಂದೆರಡು ಕಥೆಗಳನ್ನು ಓದಿಯೇ ಪದವಿ ಪಡೆಯುತ್ತಾರೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಾಲೇಜುಗಳಿಗೆ ಸುತ್ತಲಿನ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಬರುವ ಮಕ್ಕಳಲ್ಲಿ ಅನೇಕರು ಮುಂದೆ ಬ್ಯಾಂಕು, ಕಾರ್ಖಾನೆ, ಕಂಪ್ಯೂಟರು ಎಂದು ಹೊರಟುಹೋಗುತ್ತಾರೆ. ಒಂದು ಕಥೆಯನ್ನು ನಿಧಾನವಾಗಿ ಓದಿ, ಅದರ ಬಗ್ಗೆ ತಮಗೆ ಅನ್ನಿಸಿದ್ದನ್ನು ಎರಡು ಪುಟ ಬರೆಯುವ ಅವಕಾಶ ಅವರಲ್ಲಿ ಬಹಳ ಮಂದಿಗೆ ಮತ್ತೆ ಸಿಗುವುದಿಲ್ಲ. ಆದ್ದರಿಂದ ಆ ಎರಡು ಪುಟಗಳಲ್ಲಿ ಏನು ಬರೆಯುತ್ತಾರೆ ಎಂಬುದು ಪರೀಕ್ಷೆಯ ಅಂಕಗಳಿಗಿಂತ ದೊಡ್ಡ ಪ್ರಶ್ನೆ.

ಪ್ರಶ್ನೆಪತ್ರಿಕೆಯಲ್ಲಿ ಸಾಮಾನ್ಯವಾಗಿ ಕೇಳುವುದು ‘ಕಥೆಯ ಸಾರಾಂಶವನ್ನು ಬರೆದು ಅದರ ಆಶಯವನ್ನು ವಿವರಿಸಿ’ ಎಂದು. ಇದಕ್ಕೆ ಸಿದ್ಧ ಉತ್ತರ ಅಂಗಡಿಯಲ್ಲಿ ಗೈಡಿನ ರೂಪದಲ್ಲಿ ದೊರೆಯುತ್ತದೆ. ಈಗ ಮೊಬೈಲಿನಲ್ಲೂ ದೊರೆಯುತ್ತದೆ. ಕಥೆಯನ್ನೇ ಓದದೆ ಉತ್ತರ ಬರೆಯಬಹುದು, ತೇರ್ಗಡೆಯೂ ಆಗಬಹುದು. ‘ಲೇಖಕರು ಈ ಕಥೆಯಲ್ಲಿ ಮಾನವೀಯ ಮೌಲ್ಯಗಳನ್ನು ಎತ್ತಿ ಹಿಡಿದಿದ್ದಾರೆ’ ಎಂಬ ವಾಕ್ಯವನ್ನು ಯಾವ ಕಥೆಯ ಕೊನೆಗೆ ಬೇಕಾದರೂ ಅಂಟಿಸಬಹುದು. ಎಲ್ಲ ಕಥೆಗಳಿಗೂ ಹೊಂದುವ ವಾಕ್ಯ ಯಾವ ಕಥೆಯ ಬಗ್ಗೆಯೂ ಏನನ್ನೂ ಹೇಳುವುದಿಲ್ಲ ಎಂಬುದನ್ನು ನೀವು ಒಪ್ಪುತ್ತೀರಿ.

ನಾನು ಸಾಹಿತ್ಯದ ಅಧ್ಯಾಪಕನಲ್ಲ. ವಿಜ್ಞಾನ ಓದಿ ದೂರದರ್ಶನದ ಕೆಲಸಕ್ಕೆ ಬಂದವನು. ಆದ್ದರಿಂದ ಪ್ರಯೋಗಶಾಲೆಯಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ರಸಾಯನಶಾಸ್ತ್ರದ ವಿದ್ಯಾರ್ಥಿಗೆ ಒಂದು ಲವಣವನ್ನು ಕೊಟ್ಟು ಅದು ಯಾವುದೆಂದು ಕಂಡುಹಿಡಿಯಲು ಹೇಳುತ್ತಾರೆ. ಅವನ ರೆಕಾರ್ಡ್ ಪುಸ್ತಕದಲ್ಲಿ ಮೂರು ಅಂಕಣಗಳಿರುತ್ತವೆ: ಪ್ರಯೋಗ, ವೀಕ್ಷಣೆ, ನಿರ್ಣಯ. ಸಾರರಿಕ್ತ ಹೈಡ್ರೊಕ್ಲೋರಿಕ್ ಆಮ್ಲ ಹಾಕಿದೆ, ಇದು ಪ್ರಯೋಗ. ಬುರುಬುರು ಗುಳ್ಳೆಗಳೆದ್ದವು, ಇದು ವೀಕ್ಷಣೆ. ಕಾರ್ಬೊನೇಟ್ ಇರಬಹುದು, ಇದು ನಿರ್ಣಯ. ನಡುವಿನ ಅಂಕಣವನ್ನು ಖಾಲಿ ಬಿಟ್ಟು ಮೂರನೆಯದನ್ನು ಮಾತ್ರ ತುಂಬಿದರೆ, ಉತ್ತರ ಸರಿಯಾಗಿದ್ದರೂ ಪರೀಕ್ಷಕರು ಒಪ್ಪುವುದಿಲ್ಲ. ಪಕ್ಕದವನ ಪುಸ್ತಕ ನೋಡಿ ಬರೆದದ್ದು ಎಂದು ಅವರಿಗೆ ಗೊತ್ತಾಗುತ್ತದೆ. ಕನ್ನಡ ತರಗತಿಯಲ್ಲಿ ಮಾತ್ರ ನಾವು ಈ ನಡುವಿನ ಅಂಕಣವನ್ನು ಬಿಟ್ಟು ನೇರವಾಗಿ ಆಶಯಕ್ಕೆ ಹಾರುತ್ತೇವೆ. ಕಥೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದೇನು ಎಂಬುದನ್ನು ಮೊದಲು ಬರೆದು, ಅದರಿಂದ ನಾನು ಏನು ತಿಳಿದೆ ಎಂಬುದನ್ನು ಆಮೇಲೆ ಬರೆಯಬೇಕು. ನಾನು ಹೇಳಬೇಕೆಂದಿರುವುದು ಇಷ್ಟೇ.

ಒಂದು ವ್ಯತ್ಯಾಸವನ್ನು ಇಲ್ಲಿಯೇ ಹೇಳಿಬಿಡಬೇಕು. ಲವಣ ಒಂದೇ ಆದರೆ ಇಡೀ ತರಗತಿಯ ನಿರ್ಣಯವೂ ಒಂದೇ ಆಗಬೇಕು. ಕಥೆಯಲ್ಲಿ ಹಾಗಲ್ಲ. ಇಬ್ಬರು ಒಂದೇ ಕಥೆಯಿಂದ ಬೇರೆ ಬೇರೆ ತೀರ್ಮಾನಕ್ಕೆ ಬರಬಹುದು, ಇಬ್ಬರೂ ಸರಿಯಿರಬಹುದು. ಆದರೆ ಇಬ್ಬರೂ ತಮ್ಮ ತೀರ್ಮಾನಕ್ಕೆ ಆಧಾರವನ್ನು ಕಥೆಯೊಳಗಿಂದಲೇ ತೋರಿಸಬೇಕು.

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಮೊಸರಿನ ಮಂಗಮ್ಮ’ವನ್ನು ತೆಗೆದುಕೊಳ್ಳೋಣ. ಮಾಸ್ತಿಯವರ ‘ಕೆಲವು ಸಣ್ಣ ಕಥೆಗಳು’ ಪ್ರಕಟವಾದದ್ದು 1920ರಲ್ಲಿ. ಪಂಜೆ ಮಂಗೇಶರಾಯರಂಥವರು ಅದಕ್ಕೂ ಮುಂಚೆ ಕಥೆಗಳನ್ನು ಬರೆದಿದ್ದರೂ ಈ ಪ್ರಕಾರಕ್ಕೆ ಕನ್ನಡದಲ್ಲಿ ಗಟ್ಟಿಯಾದ ನೆಲೆ ದೊರೆತದ್ದು ಮಾಸ್ತಿಯವರಿಂದ. 1983ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಬಂದಿತು. ಮಂಗಮ್ಮನ ಕಥೆಯನ್ನು ನಿಮ್ಮಲ್ಲಿ ಹಲವರು ಪಠ್ಯದಲ್ಲಿ ಓದಿರಬಹುದು. ಹಳ್ಳಿಯಿಂದ ಬೆಂಗಳೂರಿಗೆ ಮೊಸರು ಹೊತ್ತು ತಂದು ಮಾರುವ ಹೆಂಗಸು, ಮೊಮ್ಮಗನನ್ನು ಸೊಸೆ ಹೊಡೆದಳೆಂದು ಜಗಳ, ಬೇರೆ ಮನೆ, ಕೊನೆಗೆ ಮೊಮ್ಮಗನ ನೆವದಿಂದ ಒಂದಾಗುವುದು. ಗೈಡು ಇದನ್ನು ‘ಅತ್ತೆ ಸೊಸೆಯರ ಜಗಳ, ಕೊನೆಗೆ ಪ್ರೀತಿಯ ಗೆಲುವು’ ಎಂದು ಮುಗಿಸಿಬಿಡುತ್ತದೆ.

ಈಗ ವೀಕ್ಷಣೆಯ ಅಂಕಣವನ್ನು ತುಂಬೋಣ. ಒಂದು: ಮನೆಯಿಂದ ಬೇರೆಯಾದ ಮಂಗಮ್ಮ ತನಗಾಗಿ ಮಕಮಲ್ಲಿನ ರವಿಕೆ ಮಾಡಿಸಿಕೊಳ್ಳುತ್ತಾಳೆ. ಎರಡು: ಅವಳ ಕೈಯಲ್ಲಿ ಹಣ ಇದೆ ಎಂಬುದು ತಿಳಿದವರು ಅವಳ ಸುತ್ತ ಸುಳಿಯುತ್ತಾರೆ. ಮೂರು: ರಾಜಿಯಾದ ಮೇಲೆ ಮೊಸರು ಹೊತ್ತು ಪೇಟೆಗೆ ಬರುವವಳು ಸೊಸೆ. ನಾಲ್ಕು: ಜಗಳ ನಡೆದ ಮನೆಯೊಳಕ್ಕೆ ಕಥೆ ನಮ್ಮನ್ನು ಕರೆದೊಯ್ಯುವುದಿಲ್ಲ. ಮೊಸರು ಕೊಳ್ಳುವ ಮನೆಯ ಹೆಂಗಸು ತನ್ನ ಬಾಗಿಲಲ್ಲಿ ಕೇಳಿದ್ದನ್ನು ನಮಗೆ ಹೇಳುತ್ತಾಳೆ. ಮೊದಲು ಅತ್ತೆಯ ಮಾತು, ಆಮೇಲೆ ಸೊಸೆಯ ಮಾತು.

ಈ ನಾಲ್ಕನ್ನು ಒಟ್ಟಿಗೆ ಇಟ್ಟು ನೋಡಿದರೆ ಕಥೆ ಬೇರೆಯಾಗಿ ಕಾಣತೊಡಗುತ್ತದೆ. ಮೊಸರಿನ ಕುಕ್ಕೆ ಯಾರ ತಲೆಯ ಮೇಲಿದೆಯೋ ಹಣ ಅವರ ಕೈಯಲ್ಲಿದೆ, ಮನೆಯ ಅಧಿಕಾರವೂ ಅವರದು. ಹಾಗಾದರೆ ಕೊನೆಗೆ ನಡೆದದ್ದು ಪ್ರೀತಿಯ ಗೆಲುವೋ ಅಧಿಕಾರದ ಹಸ್ತಾಂತರವೋ? ಎರಡೂ ಎನ್ನಬಹುದು. ಮೊಸರು, ಹಾಲು ಮಾರಿದ ದುಡ್ಡನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಳ್ಳುವ ಅಜ್ಜಿಯನ್ನು ನೋಡಿ ಬೆಳೆದ ಚನ್ನರಾಯಪಟ್ಟಣದ ಕಡೆಯ ಹುಡುಗಿಗೆ ಇದು ಬೇಗ ತಿಳಿಯುತ್ತದೆ. ಡೇರಿಗೆ ಹಾಲು ಹಾಕಿ ಬರುವ ಹಣ ಯಾರ ಹೆಸರಿಗೆ ಬರಬೇಕೆಂಬ ಮಾತು ಅವಳ ಮನೆಯಲ್ಲೇ ನಡೆದಿರಬಹುದು. ಅವಳಿಗೆ ತಿಳಿದಿರುವ ಈ ವಿಷಯ ಯಾವ ಗೈಡಿನಲ್ಲೂ ಇಲ್ಲ. ಆದರೆ ಅದನ್ನು ಉತ್ತರದಲ್ಲಿ ಬರೆಯಬಹುದೆಂದು ಅವಳಿಗೆ ಹೇಳುವವರು ಬೇಕು.

ದೂರದರ್ಶನದಲ್ಲಿ ಕಥೆಗಳನ್ನು ಚಿತ್ರರೂಪಕ್ಕೆ ತರುವಾಗ ನಾವು ಇದೇ ಕೆಲಸವನ್ನು ಮಾಡುತ್ತೇವೆ. ಯಾವುದನ್ನು ಕ್ಯಾಮೆರಾ ತೋರಿಸಬಲ್ಲದು, ಯಾವುದನ್ನು ತೋರಿಸಲಾರದು ಎಂದು ಒಂದೊಂದೇ ಸಾಲನ್ನು ಪರೀಕ್ಷಿಸಬೇಕಾಗುತ್ತದೆ. ಮಕಮಲ್ಲಿನ ರವಿಕೆಯನ್ನು ತೋರಿಸುವುದು ಸುಲಭ. ಆದರೆ ಜಗಳದ ದೃಶ್ಯವನ್ನು ಮನೆಯೊಳಗೆ ಚಿತ್ರೀಕರಿಸಿದರೆ, ಬಾಗಿಲಲ್ಲಿ ಕೂತು ಎರಡು ಕಡೆಯ ಮಾತನ್ನೂ ಕೇಳುವ ಹೆಂಗಸು ಮಾಯವಾಗುತ್ತಾಳೆ. ಆಗ ಯಾರದು ಸರಿ ಎಂದು ನೋಡುಗ ಕಣ್ಣಾರೆ ಕಂಡು ತೀರ್ಪು ಕೊಟ್ಟುಬಿಡುತ್ತಾನೆ. ಮಾಸ್ತಿಯವರು ಆ ತೀರ್ಪನ್ನು ಅಷ್ಟು ಸುಲಭ ಮಾಡಿಲ್ಲ. ‘ಈ ಕಥೆಯನ್ನು ಚಿತ್ರ ಮಾಡಿದರೆ ಏನು ಕಳೆದುಹೋಗುತ್ತದೆ?’ ಎಂಬ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿ ನೋಡಿ. ಹಿಂದಿನ ಬೆಂಚಿನವರೂ ಮಾತನಾಡುತ್ತಾರೆ.

ಹೀಗೆ ಪುಟವನ್ನೂ ತೆರೆಯನ್ನೂ ಹೋಲಿಸಲು ಹಾಸನದ ವಿದ್ಯಾರ್ಥಿಗಳು ದೂರ ಹೋಗಬೇಕಾಗಿಲ್ಲ. ಈ ಜಿಲ್ಲೆಗೂ ಕನ್ನಡ ಕಥನ ಸಾಹಿತ್ಯಕ್ಕೂ ಹತ್ತಿರದ ನಂಟು. ಕಾದಂಬರಿಕಾರ ಎಸ್.ಎಲ್. ಭೈರಪ್ಪನವರ ಹುಟ್ಟೂರು ಸಂತೇಶಿವರ ಇರುವುದು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ. ಅ.ನ. ಕೃಷ್ಣರಾಯರ ಹೆಸರಿನ ಮೊದಲ ಅಕ್ಷರವೇ ಅರಕಲಗೂಡು. ಹೇಮಾವತಿಯ ದಡದ ಗೊರೂರಿನಲ್ಲಿ 1904ರಲ್ಲಿ ಹುಟ್ಟಿದ ರಾಮಸ್ವಾಮಿ ಅಯ್ಯಂಗಾರ್ಯರು ಹಳ್ಳಿಯ ಜನರನ್ನೂ ಅವರ ಮಾತನ್ನೂ ನಗುವನ್ನೂ ಪುಸ್ತಕಕ್ಕೆ ತಂದರು. ಅವರ ‘ಹಳ್ಳಿಯ ಚಿತ್ರಗಳು’ ಕಥೆಗಳೋ ಪ್ರಬಂಧಗಳೋ ಎಂಬುದೇ ತರಗತಿಗೆ ಒಳ್ಳೆಯ ಚರ್ಚೆಯ ವಸ್ತು. ಕಥೆ ಎನ್ನಬೇಕಾದರೆ ಏನಿರಬೇಕು, ಪ್ರಬಂಧ ಎನ್ನಬೇಕಾದರೆ ಏನಿರಬೇಕು? ಇದಕ್ಕೆ ವ್ಯಾಖ್ಯೆಯನ್ನು ಬಾಯಿಪಾಠ ಮಾಡುವುದಕ್ಕಿಂತ ಒಂದು ಬರಹವನ್ನು ಮುಂದಿಟ್ಟುಕೊಂಡು ವಾದ ಮಾಡುವುದು ಮೇಲು. ಅವರದೇ ಕಥೆಯನ್ನು ಆಧರಿಸಿ ಸಿದ್ಧಲಿಂಗಯ್ಯನವರು 1974ರಲ್ಲಿ ‘ಭೂತಯ್ಯನ ಮಗ ಅಯ್ಯು’ ಚಿತ್ರವನ್ನು ನಿರ್ದೇಶಿಸಿದರು. ಅದನ್ನು ನೋಡಿದವರಿಗೆ ಕೊನೆಯ ಪ್ರವಾಹದ ದೃಶ್ಯ ಮರೆಯುವಂಥದ್ದಲ್ಲ. ಚಿತ್ರವನ್ನು ನೋಡಿ, ಗೊರೂರರ ಪುಟಗಳನ್ನೂ ಓದಿ, ಯಾವುದು ಎಲ್ಲಿಂದ ಬಂದದ್ದು ಎಂದು ಎರಡು ಅಂಕಣಗಳಲ್ಲಿ ಬರೆದು ನೋಡಿ.

ಇನ್ನೊಂದು ಜೋಡಿ ನಮ್ಮ ಕಾಲದ್ದು. ಹಾಸನದ ವಕೀಲರೂ ಲೇಖಕಿಯೂ ಆದ ಬಾನು ಮುಷ್ತಾಕ್ ಅವರ ‘ಕರಿನಾಗರಗಳು’ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿಯವರು 2004ರಲ್ಲಿ ‘ಹಸೀನಾ’ ಚಿತ್ರವನ್ನು ಮಾಡಿದರು. ನಟಿ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಕೈಬಿಟ್ಟ ಹೆಂಗಸು ಮಸೀದಿಯ ಮುಖಂಡರಲ್ಲಿ ನ್ಯಾಯ ಕೇಳುವ ಕಥೆ ಅದು. ಚಿತ್ರದ ಹೆಸರು ಒಬ್ಬ ಹೆಣ್ಣಿನ ಹೆಸರು. ಕಥೆಯ ಹೆಸರು ಕರಿನಾಗರಗಳು. ಈ ಕರಿನಾಗರಗಳು ಕಥೆಯಲ್ಲಿ ಎಲ್ಲಿ ಬರುತ್ತವೆ? ಹೆಸರು ಬದಲಾದಾಗ ನಮ್ಮ ಕಣ್ಣು ಯಾರ ಕಡೆಯಿಂದ ಯಾರ ಕಡೆಗೆ ತಿರುಗಿತು? ಇಷ್ಟೇ ಪ್ರಶ್ನೆ ಸಾಕು, ನಾಲ್ಕು ಪುಟದ ಒಳ್ಳೆಯ ಪ್ರಬಂಧವಾಗುತ್ತದೆ.

2025ರ ಮೇ 20ರಂದು ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರಿಗೂ ಅನುವಾದಕಿ ದೀಪಾ ಭಾಸ್ತಿಯವರಿಗೂ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ ದೊರೆತದ್ದನ್ನು ನೀವೆಲ್ಲ ಬಲ್ಲಿರಿ. ಇಂಗ್ಲಿಷಿಗೆ ಹೋದ ಹನ್ನೆರಡು ಕಥೆಗಳ ಆ ಪುಸ್ತಕದ ಹೆಸರು ‘ಹಾರ್ಟ್ ಲ್ಯಾಂಪ್’, ಅಂದರೆ ‘ಎದೆಯ ಹಣತೆ’. ಕನ್ನಡದಿಂದ ಹೋದ ಪುಸ್ತಕಕ್ಕೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು. ಸಣ್ಣಕಥೆಗಳ ಸಂಕಲನಕ್ಕೆ ಬಂದದ್ದೂ ಅದೇ ಮೊದಲು. ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಅನುವಾದಕಿ ಕನ್ನಡ, ಉರ್ದು ಮಾತುಗಳನ್ನು ಹಲವೆಡೆ ಹಾಗೆಯೇ ಉಳಿಸಿಕೊಂಡರು. ಅವನ್ನು ಓರೆ ಅಕ್ಷರಗಳಲ್ಲಿ ಬೇರೆ ಮಾಡಿ ತೋರಿಸಲಿಲ್ಲ, ಅಡಿಟಿಪ್ಪಣಿಯನ್ನೂ ಕೊಡಲಿಲ್ಲ. ಓದುಗರು ಸಂದರ್ಭದಿಂದಲೇ ತಿಳಿಯಲಿ ಎಂದು ನಂಬಿದರು. ಹಾಸನದ ಮನೆಗಳ ಮಾತು ಹಾಗೆಯೇ ಲಂಡನ್ನಿನ ತೀರ್ಪುಗಾರರವರೆಗೆ ಹೋಗಬಹುದಾದರೆ, ಅರಕಲಗೂಡಿನ ವಿದ್ಯಾರ್ಥಿಯ ಮನೆಮಾತು ಅವನದೇ ಉತ್ತರಪತ್ರಿಕೆಗೆ ಬರಲು ಏಕೆ ಹೆದರಬೇಕು? ಹೊಗೆಸೊಪ್ಪು, ಆಲೂಗೆಡ್ಡೆ ಬೆಳೆಯುವ ಮನೆಯಿಂದ ಬಂದವನಿಗೆ ಸಾಲ, ಮಳೆ, ಹರಾಜು ಎಂಬ ಮಾತುಗಳ ತೂಕ ಗೊತ್ತು. ಕಥೆಯೊಂದರಲ್ಲಿ ಸಾಲಗಾರ ರೈತ ಬಂದಾಗ ‘ಬಡತನದ ಚಿತ್ರಣ ಮನೋಜ್ಞವಾಗಿದೆ’ ಎಂಬುದಕ್ಕಿಂತ ಉತ್ತಮವಾದ ವಾಕ್ಯವನ್ನು ಅವನು ಬರೆಯಬಲ್ಲ.

ಇನ್ನು ಬರೆಯುವ ಕ್ರಮ. ಮೊದಲು ಕಥೆಯನ್ನು ಒಂದೇ ಬಾರಿಗೆ ಓದಿ ಮುಗಿಸಿ, ಪೆನ್ಸಿಲು ಹಿಡಿಯಬೇಡಿ. ಎರಡನೆಯ ಸಲ ಗಟ್ಟಿಯಾಗಿ, ಸಾಧ್ಯವಾದರೆ ಇನ್ನೊಬ್ಬರಿಗೆ ಕೇಳುವಂತೆ ಓದಿ. ಎಲ್ಲಿ ನಿಮ್ಮ ದನಿ ತಡವರಿಸಿತೋ, ಎಲ್ಲಿ ಕೇಳುವವರು ನಕ್ಕರೋ ಅಲ್ಲಿ ಗುರುತು ಮಾಡಿ. ಆಮೇಲೆ ಪುಸ್ತಕ ಮುಚ್ಚಿ, ನೆನಪಿನಲ್ಲಿ ಉಳಿದ ಐದು ಸಂಗತಿಗಳನ್ನು ಬರೆಯಿರಿ. ವಸ್ತು, ಮಾತು, ಮೌನ ಯಾವುದಾದರೂ ಆಗಬಹುದು. ಅವುಗಳಲ್ಲಿ ನಿಮಗೆ ಅರ್ಥವಾಗದ ಒಂದನ್ನು ಆರಿಸಿ ಪ್ರಶ್ನೆಯಾಗಿ ಮಾಡಿಕೊಳ್ಳಿ. ಉತ್ತರ ಹುಡುಕುತ್ತ ಮೂರನೆಯ ಸಲ ಓದಿ. ಈ ಹುಡುಕಾಟವೇ ನಿಮ್ಮ ಪ್ರಬಂಧ. ಸಾರಾಂಶ ನಾಲ್ಕು ಸಾಲಿಗೆ ಸಾಕು. ಗೈಡನ್ನಾಗಲಿ ವಿಮರ್ಶೆಯ ಪುಸ್ತಕವನ್ನಾಗಲಿ ಓದುವುದಿದ್ದರೆ ಇದೆಲ್ಲ ಆದ ಮೇಲೆ ಓದಿ; ಆಗ ಒಪ್ಪಲೂ ಜಗಳವಾಡಲೂ ನಿಮ್ಮಲ್ಲಿ ಏನಾದರೂ ಇರುತ್ತದೆ.

ಅಧ್ಯಾಪಕರ ಕಷ್ಟವನ್ನೂ ಮರೆಯುವಂತಿಲ್ಲ. ತರಗತಿಗಳು ದೊಡ್ಡವು, ಸೆಮಿಸ್ಟರ್ ಚಿಕ್ಕದು, ಮೌಲ್ಯಮಾಪನಕ್ಕೆ ಬರುವ ಪತ್ರಿಕೆಗಳ ಕಟ್ಟು ಎತ್ತರ. ಒಂದೇ ಬಗೆಯ ಉತ್ತರಗಳಿದ್ದರೆ ಅಂಕ ಕೊಡುವುದು ಬೇಗ ಮುಗಿಯುತ್ತದೆ. ಆದರೂ ಆಂತರಿಕ ಮೌಲ್ಯಮಾಪನದ ಅಂಕಗಳು ಕಾಲೇಜಿನ ಕೈಯಲ್ಲೇ ಇವೆ. ಸೆಮಿಸ್ಟರಿಗೆ ಒಂದೇ ಒಂದು ಕಥೆಗೆ, ಒಂದೇ ಪುಟದ ಬರಹಕ್ಕೆ ಅವನ್ನು ಮೀಸಲಿಡಬಹುದು. ಅದರಲ್ಲಿ ವೀಕ್ಷಣೆಗೆ ಅರ್ಧ ಅಂಕ, ನಿರ್ಣಯಕ್ಕೆ ಉಳಿದರ್ಧ. ಅಧ್ಯಾಪಕರ ಅಭಿಪ್ರಾಯಕ್ಕೆ ವಿರುದ್ಧವಾಗಿ ಬರೆದವನು ಆಧಾರ ತೋರಿಸಿದ್ದರೆ ಅವನಿಗೂ ಪೂರ್ಣ ಅಂಕ ಸಿಗಬೇಕು. ಇದು ಒಂದು ಸಲ ತರಗತಿಗೆ ಗೊತ್ತಾದರೆ ಗೈಡಿನ ಹಿಡಿತ ತಾನಾಗಿ ಸಡಿಲವಾಗುತ್ತದೆ.

ಇದರಿಂದ ಎಲ್ಲರೂ ಕಥೆಗಾರರಾಗಬೇಕೆಂದಿಲ್ಲ. ಪೊಲೀಸ್ ಠಾಣೆಯ ದೂರನ್ನು, ಬ್ಯಾಂಕಿನ ಕರಾರನ್ನು, ಟಿ.ವಿ.ಯ ಸುದ್ದಿಯನ್ನು ಓದುವಾಗಲೂ ‘ಇದರಲ್ಲಿ ಕಂಡದ್ದೆಷ್ಟು, ಕಟ್ಟಿದ್ದೆಷ್ಟು, ಹೇಳುತ್ತಿರುವವರು ಯಾರು’ ಎಂದು ಕೇಳುವ ಅಭ್ಯಾಸ ಬೇಕಾಗುತ್ತದೆ. ಅದನ್ನು ಯಾರಿಗೂ ನಷ್ಟವಾಗದಂತೆ ಕಲಿಯಲು ಸಣ್ಣಕಥೆಯಂಥ ಜಾಗ ಇನ್ನೊಂದಿಲ್ಲ. ನಿಮ್ಮ ಪಠ್ಯದಲ್ಲಿರುವ ಯಾವುದಾದರೂ ಒಂದು ಕಥೆಯನ್ನು ಈ ವಾರ ತೆಗೆದು, ಐದು ಸಂಗತಿಗಳನ್ನು ಬರೆದು ನೋಡಿ.