ಬಲಗುಂದಿದ ಎಂಜಿನು

ಹಳೆಯ ವಾಹನವೊಂದು ಪೂರ್ತಿಯಾಗಿ ಕೆಟ್ಟು ನಿಂತರೆ ಮುಂದೇನು ಮಾಡಬೇಕೆಂಬ ವಿಷಯದಲ್ಲಿ ಅನುಮಾನವಿರುವುದಿಲ್ಲ. ಆದರೆ ಅದು ನಿಲ್ಲದೆ, ಸರಿಯಾಗಿ ಓಡದೆ, ಇದ್ದಕ್ಕಿದ್ದಂತೆ ಬಲಗುಂದಿ ತೆವಳತೊಡಗಿದರೆ ಎಂಥವನೂ ಗೊಂದಲಕ್ಕೊಳಗಾಗುತ್ತಾನೆ. ಅಂಥದೊಂದು ಗೊಂದಲ ನಮಗೆ ಎದುರಾದದ್ದು ಹುಣಸೂರಿನಿಂದ ವೀರನಹೊಸಹಳ್ಳಿಗೆ ಹೋಗುವ ದಾರಿಯಲ್ಲಿ.

ವೀರನಹೊಸಹಳ್ಳಿ ನಾಗರಹೊಳೆ ಕಾಡಿನ ಬಾಗಿಲು. ಅಲ್ಲಿಯ ಗೇಟು ದಾಟಿದ ರಸ್ತೆ 1988ರಲ್ಲಿ ರಾಷ್ಟ್ರೀಯ ಉದ್ಯಾನವಾದ, 1999ರಲ್ಲಿ ಹುಲಿ ಯೋಜನೆಗೆ ಸೇರಿದ ಅರಣ್ಯವನ್ನು ಹಾಯ್ದು ಕೊಡಗಿನ ಕುಟ್ಟದ ಕಡೆಗೆ ಸಾಗುತ್ತದೆ. ಇರುಳಿನಲ್ಲಿ ಅಲ್ಲಿ ಸಂಚಾರವಿಲ್ಲ. ಹಗಲಿನಲ್ಲಿಯೂ ನಡುದಾರಿಯಲ್ಲಿ ನಿಲ್ಲುವಂತಿಲ್ಲ, ಇಳಿಯುವಂತಿಲ್ಲ. ಆನೆಗಳು ಅಡ್ಡಾಡುವ ಆ ರಸ್ತೆಗೆ ನಂಬಿಕೆಯಿಲ್ಲದ ಎಂಜಿನಿನೊಡನೆ ಹೋಗುವುದು ಸಾಹಸವಲ್ಲ, ಅವಿವೇಕ.

ನಮ್ಮದು ಹಳೆಯ ಡೀಸೆಲ್ ವ್ಯಾನು. ಹಿಂದಿನ ಆಸನಗಳನ್ನು ತೆಗೆಸಿ ಮಲಗಲು ಹಲಗೆ, ಒಂದು ಸ್ಟೌವು, ನೀರಿನ ಕ್ಯಾನು ಇಟ್ಟುಕೊಂಡಿದ್ದೆವು. ಹುಣಸೂರು ಬಿಟ್ಟು ಕೆಲವು ಮೈಲಿ ಚೆನ್ನಾಗಿಯೇ ಓಡಿದ ವಾಹನ ಒಂದು ಸಣ್ಣ ಏರಿನಲ್ಲಿ ಸೊರಗಿತು. ಆಕ್ಸಿಲರೇಟರನ್ನು ಎಷ್ಟು ತುಳಿದರೂ ಎಂಜಿನಿನ ದನಿ ಏರಲಿಲ್ಲ, ಕಡೆಗೆ ನಿಂತೇಹೋಯಿತು. ಹತ್ತು ನಿಮಿಷ ಬಿಟ್ಟು ಚಾಲೂ ಮಾಡಿದರೆ ಏನೂ ಆಗಿಲ್ಲವೆಂಬಂತೆ ಹೊರಟಿತು. ಮತ್ತೆ ಕೆಲವು ಮೈಲಿ. ಮತ್ತೆ ಅದೇ ಕಥೆ. ಅಲ್ಲಿ ಸೇರಿದವರಲ್ಲಿ ಒಬ್ಬರು ಪಂಪು ಹೋಗಿದೆ ಎಂದರು. ಮತ್ತೊಬ್ಬರು ಎಂಜಿನನ್ನೇ ಇಳಿಸಬೇಕೆಂದರು. ವ್ಯಾನಿನ ಬೆಲೆಗಿಂತ ದುರಸ್ತಿಯ ಬೆಲೆಯೇ ಹೆಚ್ಚಾಗುವ ಮಾತು ಅದು.

ಇಂಥ ಹೊತ್ತಿನಲ್ಲಿ ಸ್ಪ್ಯಾನರಿಗೆ ಕೈಹಾಕುವ ಮೊದಲು ಸ್ವಲ್ಪ ಯೋಚಿಸಬೇಕು. ಬಲ ಕುಂದಿರುವುದು ಎಂಜಿನಿನಲ್ಲಿಯೋ, ಬ್ರೇಕು ಬಿಗಿದು ಗಾಲಿ ಹಿಡಿದುಕೊಂಡಿದೆಯೋ ಎಂಬುದು ಮೊದಲ ಪ್ರಶ್ನೆ. ಸಮತಟ್ಟಾದ ಕಡೆ ಗೇರು ತಪ್ಪಿಸಿದಾಗ ವಾಹನ ಸಲೀಸಾಗಿ ಉರುಳಿದರೆ, ಯಾವ ಗಾಲಿಯ ನಡುಭಾಗವೂ ಅತಿಯಾಗಿ ಬಿಸಿಯಾಗಿರದಿದ್ದರೆ, ಗಾಲಿಗಳ ಮೇಲಿನ ಸಂಶಯ ತೀರಿತು. ಮುಂದೆ ತಾಪದ ಮುಳ್ಳನ್ನು ನೋಡಬೇಕು. ಅದು ಮೇಲೇರಿದ್ದರೆ ಪ್ರಯಾಣ ಅಲ್ಲಿಗೇ ನಿಲ್ಲಬೇಕು. ಬಿಸಿಯಾಗಿರುವ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ತೆರೆಯಬಾರದು.

ಆಮೇಲೆ ಹೊಗೆ. ಡೀಸೆಲ್ ಎಂಜಿನಿಗೆ ಕಿಡಿ ಬೇಡ. ಒತ್ತಿದ ಗಾಳಿಯ ಕಾವಿನಲ್ಲಿಯೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಆದುದರಿಂದ ಗಾಳಿ ಮತ್ತು ಎಣ್ಣೆ ಇವೆರಡರ ಲೆಕ್ಕ ತಪ್ಪಿದಾಗ ಹೊಗೆ ಸಾಕ್ಷಿ ನುಡಿಯುತ್ತದೆ. ಕಪ್ಪು ಹೊಗೆ ದಟ್ಟವಾಗಿ ಬಂದರೆ ಗಾಳಿಯ ಫಿಲ್ಟರು ಧೂಳಿನಿಂದ ಕಟ್ಟಿರಬಹುದು. ನೀಲಿ ಹೊಗೆಯಾದರೆ ಎಂಜಿನ್ ಆಯಿಲ್ ಸುಡುತ್ತಿದೆ. ಹೊಗೆಯೇ ಇಲ್ಲದೆ ಸುಮ್ಮನೆ ಸೊರಗಿದರೆ ಎಣ್ಣೆ ತಲುಪುತ್ತಿಲ್ಲವೆಂಬ ಅನುಮಾನ ಬಲವಾಗುತ್ತದೆ: ಫಿಲ್ಟರಿನಲ್ಲಿ ಕೊಳೆ ಅಥವಾ ನೀರು, ಬಿರಿದ ಪೈಪಿನಿಂದ ಒಳಸೇರಿದ ಗಾಳಿ, ಇಲ್ಲವೆ ಟ್ಯಾಂಕಿನಲ್ಲಿಯೇ ತಡೆ. ಪೆಟ್ರೋಲ್ ವ್ಯಾನಾದರೆ ಇವುಗಳ ಜೊತೆಗೆ ಕಿಡಿಯನ್ನೂ ಕಾರ್ಬ್ಯುರೇಟರನ್ನೂ ಪರೀಕ್ಷಿಸಬೇಕು. ಪೆಟ್ರೋಲಿಗೆ ಶೇಕಡ 20ರಷ್ಟು ಎಥೆನಾಲ್ ಬೆರೆಯುವ ಈ ದಿನಗಳಲ್ಲಿ ಹಳೆಯ ರಬ್ಬರು ಪೈಪುಗಳ ಮೇಲೆ ಕಣ್ಣಿಟ್ಟಿರುವುದು ಒಳ್ಳೆಯದು.

ನಮ್ಮ ವ್ಯಾನಿನಲ್ಲಿ ಹೊಗೆಯಿರಲಿಲ್ಲ, ಕಾವೂ ಏರಿರಲಿಲ್ಲ. ಫಿಲ್ಟರು ಹೊಸದು. ಹಾಗಿದ್ದೂ ಏಕೆ ಹೀಗೆ? ಅಷ್ಟರಲ್ಲಿ ಲಾರಿ ನಿಲ್ಲಿಸಿ ಬಂದ ವಯಸ್ಸಾದ ಚಾಲಕರೊಬ್ಬರು ಯಾವುದನ್ನೂ ಮುಟ್ಟದೆ ಒಂದೇ ಪ್ರಶ್ನೆ ಕೇಳಿದರು: “ಸ್ವಾಮಿ, ಇದು ಯಾವತ್ತಿನಿಂದ ಹೀಗಾಗ್ತಾ ಇದೆ? ಅದಕ್ಕೆ ಮುಂಚೆ ಏನಾದರೂ ಬದಲಾಯಿಸಿದ್ರಾ?” ಆಗ ನೆನಪಾಯಿತು. ಹಿಂದಿನ ವಾರ ಟ್ಯಾಂಕಿನ ಮುಚ್ಚಳ ಕಳೆದುಹೋಗಿ, ಅಳತೆಗೆ ಸರಿಹೊಂದಿದ ಬೇರೊಂದನ್ನು ಹಾಕಿಸಿದ್ದೆವು. ಅವರು ನಕ್ಕು, ಎಂಜಿನು ಮತ್ತೆ ಸೊರಗಿದಾಗ ಆ ಮುಚ್ಚಳವನ್ನು ತಿರುಗಿಸಿದರು. ಬುಸ್ಸೆಂದು ಗಾಳಿ ಒಳನುಗ್ಗಿತು. ಸ್ವಲ್ಪ ಹೊತ್ತಿನಲ್ಲಿ ಎಂಜಿನಿಗೆ ದನಿ ಮರಳಿತು.

ಟ್ಯಾಂಕಿನಿಂದ ಎಣ್ಣೆ ಹೊರಟಂತೆ ಆ ಜಾಗಕ್ಕೆ ಗಾಳಿ ಬರಬೇಕು. ಹಳೆಯ ಮುಚ್ಚಳದಲ್ಲಿ ಅದಕ್ಕೊಂದು ಸಣ್ಣ ರಂಧ್ರವಿತ್ತು, ಹೊಸದರಲ್ಲಿ ಇರಲಿಲ್ಲ. ಒಳಗೆ ಒತ್ತಡ ಇಳಿಯುತ್ತ ಇಳಿಯುತ್ತ ಪಂಪಿಗೆ ಎಣ್ಣೆಯನ್ನು ಸೆಳೆಯಲಾಗದಂತಾಗುತ್ತಿತ್ತು. ನಿಂತಾಗ ಗಾಳಿ ಹೇಗೋ ನುಸುಳಿ ಒಳಸೇರುತ್ತಿತ್ತು. ಅದಕ್ಕೇ ಆ ಹತ್ತು ನಿಮಿಷದ ಚೇತರಿಕೆ.

ಹುಣಸೂರು ಹಿಂದೆ ಅಮೃತಮಹಲ್ ದನಗಳ ಸರ್ಕಾರಿ ಕೇಂದ್ರವಾಗಿದ್ದ ಊರು. ಗಾಡಿಯೆತ್ತು ಕುಂಟಿದರೆ ತಿಳಿದ ಗಾಡಿಯವನು ಅದಕ್ಕೆ ವಯಸ್ಸಾಯಿತೆನ್ನುವ ಮುನ್ನ ಗೊರಸಿನಲ್ಲಿ ಕಲ್ಲು ಸಿಕ್ಕಿದೆಯೇ, ನೊಗ ಉಜ್ಜಿ ಹೆಗಲು ಹುಣ್ಣಾಗಿದೆಯೇ ಎಂದು ನೋಡುತ್ತಾನೆ. ಹಳೆಯ ಎಂಜಿನಿಗೂ ಅಷ್ಟು ನ್ಯಾಯ ಸಲ್ಲಬೇಕು. ಕೊನೆಗೆ ಬದಲಾಯಿಸಿದ್ದನ್ನು ಮೊದಲು ಸಂಶಯಿಸಬೇಕು. ಅಗ್ಗದ ಕಾರಣ ಮುಗಿದ ಮೇಲೆ ದುಬಾರಿಯದಕ್ಕೆ ಹೋಗಬೇಕು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಬೇಕು.

ರೋಗ ತಿಳಿಯಿತೆಂದು ನಾವು ಆ ದಿನವೇ ಕಾಡಿಗೆ ನುಗ್ಗಲಿಲ್ಲ. ಮುಚ್ಚಳವನ್ನು ಸಡಿಲವಾಗಿಟ್ಟು ನಿಧಾನವಾಗಿ ಹುಣಸೂರಿಗೆ ಹಿಂದಿರುಗಿ, ರಂಧ್ರವಿದ್ದ ಮುಚ್ಚಳವನ್ನು ಹುಡುಕಿ ಹಾಕಿಸಿ, ಊರಾಚೆಯ ರಸ್ತೆಯಲ್ಲಿ ಸಂಜೆಯವರೆಗೆ ಓಡಿಸಿ ನೋಡಿದೆವು. ಮಾರನೆಯ ಬೆಳಿಗ್ಗೆ ವೀರನಹೊಸಹಳ್ಳಿಯ ಗೇಟು ತೆರೆದಾಗ ನಮ್ಮ ವ್ಯಾನೂ ಸಾಲಿನಲ್ಲಿತ್ತು. ಕುಟ್ಟ ತಲುಪುವವರೆಗೆ ಅದು ಎಲ್ಲಿಯೂ ನಿಲ್ಲಲಿಲ್ಲ.