ರಾತ್ರಿ ಎಲ್ಲಿ ಮಲಗ್ತಾರೆ?



ಕುವೈತಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಅಷ್ಟು ಪಾಲಿಸಿದರೆ ಟೀಮ್ ಲೀಡರ್ ಆಗಿ ನನ್ನ ಜವಾಬ್ದಾರಿ ಮುಗೀತು ಅಂದುಕೊಂಡಿದ್ದೆ.

2024ರ ಜೂನ್ 12ರ ಬೆಳಗಿನ ಜಾವ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿತ್ತು. ಸತ್ತವರಲ್ಲಿ 40ಕ್ಕೂ ಹೆಚ್ಚು ಮಂದಿ ಭಾರತೀಯರು. ಒಬ್ಬರು ನಮ್ಮ ಕಲಬುರಗಿ ಜಿಲ್ಲೆಯವರು. ನನ್ನ ಹುಡುಗರಿಗೆ ಫೋನ್ ಮಾಡಲು ಕೂತೆ. ಎಲ್ಲರ ಸಿವಿಲ್ ಐಡಿ ನಂಬರ್ ಎಕ್ಸೆಲ್‌ನಲ್ಲಿತ್ತು. ಯಾರು ಎಲ್ಲಿ ಮಲಗ್ತಾರೆ ಅನ್ನೋದು ಮಾತ್ರ ನನಗೆ ಗೊತ್ತಿರಲಿಲ್ಲ!

ಆ ಶುಕ್ರವಾರ ಅವರ ಕೋಣೆಗೆ ಹೋದೆ. ಎಂಟು ಮಂಚ, ಒಂದೇ ಬಾಗಿಲು, ಕಿಟಕಿಗೆ ಅಡ್ಡವಾಗಿ ಕಬ್ಬಿಣದ ಬೀರು. ಚಹಾ ಕೊಟ್ಟರು, ಕುಡಿದೆ. ಆಮೇಲೆ ಎಲ್ಲರೂ ಸೇರಿ ಬೀರು ಸರಿಸಿದೆವು.